ಮದುವೆ ಸರ್ಟಿಫಿಕೇಟ್ ಅಟೆಸ್ಟೇಷನ್: ಬೆಂಗಳೂರಾ, ತಿರುವನಂತಪುರವಾ? ಅನುಭವ ಇದ್ದವರು ಹೇಳಿ

ಬದಿಯಡ್ಕದ ತಂಗಿ:
ಗಂಡ ದುಬೈಯಲ್ಲಿದ್ದಾರೆ. ನನ್ನ ವೀಸಾಕ್ಕೆ ಮದುವೆ ಸರ್ಟಿಫಿಕೇಟ್ ಅಟೆಸ್ಟ್ ಆಗಬೇಕಂತೆ, ಅಂದರೆ ಅಸಲಿ ಅಂತ ಸರ್ಕಾರದ ಸಹಿ-ಸೀಲು ಬೀಳಬೇಕಂತೆ. ಮದುವೆ ಆದದ್ದು ಪುತ್ತೂರಿನಲ್ಲಿ, ರಿಜಿಸ್ಟರ್ ಮಾಡಿಸಿದ್ದೂ ಅಲ್ಲೇ. ನಮ್ಮೂರು ಕಾಸರಗೋಡು ಜಿಲ್ಲೆ, ಹಾಗಾಗಿ ಆಧಾರ್, ಪಾಸ್‌ಪೋರ್ಟ್ ಎಲ್ಲ ಕೇರಳದ್ದು. ಎಲ್ಲಿಗೆ ಹೋಗಬೇಕು? ನಾವೇ ಮಾಡಿಸಬಹುದಾ, ಏಜೆಂಟೇ ಬೇಕಾ?

ಮುಳ್ಳೇರಿಯದವ:
ಏಜೆಂಟರ ಹತ್ತಿರ ಸುಳಿಯಬೇಡಿ. 2021ರಲ್ಲಿ ಕತಾರಿನ ಕೆಲಸಕ್ಕೆ ಅಂತ ಡಿಗ್ರಿ ಸರ್ಟಿಫಿಕೇಟ್ ಒಬ್ಬನಿಗೆ ಕೊಟ್ಟೆ. ಹದಿನೈದು ದಿನ ಅಂದ. 14,500 ಮುಂಗಡ. ನನ್ನದು ಮಂಗಳೂರು ವಿಶ್ವವಿದ್ಯಾನಿಲಯದ ಡಿಗ್ರಿ, ಕರ್ನಾಟಕದ ಸಹಿ ಬೆಂಗಳೂರಿನಲ್ಲಿ ಆಗಬೇಕು. ಆ ಪುಣ್ಯಾತ್ಮ ಒಯ್ದು ನೋರ್ಕಾದಲ್ಲಿ, ಅಂದರೆ ಹೊರನಾಡಿನ ಮಲಯಾಳಿಗಳಿಗಾಗಿ ಇರುವ ಕೇರಳ ಸರ್ಕಾರದ ಕಚೇರಿಯಲ್ಲಿ ಕೊಟ್ಟ. ಕೇರಳದ ಸರ್ಟಿಫಿಕೇಟ್ ಅಲ್ಲ ಅಂತ ವಾಪಸ್. ಅಷ್ಟರಲ್ಲಿ 23 ದಿನ ಹೋಗಿತ್ತು. ಮತ್ತೆ ಬೆಂಗಳೂರು ಚಾರ್ಜ್ ಅಂತ 3,200. ಕೊರಿಯರ್ ಎರಡು ಸಲ, 480. ಮಾರ್ಕ್ಸ್ ಕಾರ್ಡಿಗೆ ಬೇರೆ 600, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಕೈಗೆ ಬಂದಾಗ ಹಿಂಬದಿಯಲ್ಲಿ ಚಾ ಗ್ಲಾಸಿನ ಉರುಟು ಕಲೆ. ಕೆಲಸ ಬೇರೆಯವನಿಗೆ ಹೋಗಿ ತಿಂಗಳಾಗಿತ್ತು. ನಾನು ಈಗ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದೇನೆ.

ಕುಂಬಳೆ–ಮಸ್ಕತ್:
ಇಷ್ಟೆಲ್ಲ ರಗಳೆ ಯಾಕೆ? ಅಪೊಸ್ಟಿಲ್ ಅಂತ ವಿದೇಶಾಂಗ ಸಚಿವಾಲಯದ ಒಂದು ಸೀಲು ಇದೆ, ಅದನ್ನು ಹಾಕಿಸಿದರೆ ಮುಗಿಯಿತು. ಸರ್ಕಾರದ ಫೀಸು ಬರೀ 50 ರೂಪಾಯಿ. ನಾನು ಎಂಬೆಸಿಯ ಮುಖವನ್ನೇ ನೋಡಿಲ್ಲ. ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದೆ, ಬೆಳಿಗ್ಗೆ ತಿರುವನಂತಪುರ. ಸ್ಟೇಷನ್ನಿನಲ್ಲೇ ಸ್ನಾನ. ಲೆಕ್ಕ ಡೈರಿಯಲ್ಲಿದೆ: ಸ್ಲೀಪರ್ ಹೋಗಿ ಬರಲು 680, ಆಟೋ 140, ಎರಡು ಹೊತ್ತಿನ ಊಟ 190, ಜೆರಾಕ್ಸ್ 24. ಇದಕ್ಕೆ ಏಜೆಂಟ್ ಬೇಕಿತ್ತಾ?

ಉಪ್ಪಳ–ಶಾರ್ಜಾ:
ಕುಂಬಳೆಯವರೇ, ಸುಮ್ನೆ ದಾರಿ ತಪ್ಪಿಸಬೇಡಿ. ಅಪೊಸ್ಟಿಲ್ ನಡೆಯುವುದು ಅದರ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಮಾತ್ರ. ಒಮಾನ್ 2012ರಿಂದ ಅದರಲ್ಲಿದೆ. ಸೌದಿ 2022ರ ಡಿಸೆಂಬರಿನಲ್ಲಿ ಸೇರಿತು. ಯುಎಇ ಸೇರಿಲ್ಲ! ನಿಮ್ಮ ಹಾಗೆ ಮಾತಾಡುವ ಒಬ್ಬರನ್ನು ನಂಬಿ ಮಗಳ ಬರ್ತ್ ಸರ್ಟಿಫಿಕೇಟಿಗೆ ಅಪೊಸ್ಟಿಲ್ ಹಾಕಿಸಿದೆ. ಇಲ್ಲಿ ನಡೆಯುವುದಿಲ್ಲ ಅಂದರು. ಮತ್ತೆ ಹೊಸ ಕಾಪಿ, ಮತ್ತೆ ಗೃಹ ಇಲಾಖೆ, ದೆಹಲಿಯ ವಿದೇಶಾಂಗದ ಸೀಲು, ಎಂಬೆಸಿ. ಇಲ್ಲಿಗೆ ಬಂದ ಮೇಲೆ ಯುಎಇಯ ವಿದೇಶಾಂಗ ಸಚಿವಾಲಯಕ್ಕೆ 150 ದಿರ್ಹಂ. ಮನೆಯವರನ್ನು ಕರೆಸಲು ಹಿಡಿದ ಫ್ಲ್ಯಾಟಿಗೆ ಎರಡು ತಿಂಗಳು ದಂಡದ ಬಾಡಿಗೆ ಕಟ್ಟಿದೆ. ಮಗಳು ನಡೆಯಲು ಕಲಿತದ್ದನ್ನು ವಿಡಿಯೋದಲ್ಲಿ ನೋಡಿದೆ.

ಕುಂಬಳೆ–ಮಸ್ಕತ್:
ನಾನು ನನ್ನ ಅನುಭವ ಹೇಳಿದ್ದು. ಓದಲು ಬರಬೇಕು.

ಉಪ್ಪಳ–ಶಾರ್ಜಾ:
ಆ ತಂಗಿ ದುಬೈ ಅಂತ ಬರೆದಿದ್ದಾರೆ. ಓದಲು ಬಾರದ್ದು ಯಾರಿಗೆ?

ಪೆರ್ಲದ ಮಾಷ್ಟ್ರು:
ಸೀಲು ಆಮೇಲೆ. ಮೊದಲು ಹೆಸರು ನೋಡಿಕೊಳ್ಳಿ. ನನ್ನ ಮಗಳ ಹೆಸರು ‘ತಾ’ದಲ್ಲಿ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಮಲಯಾಳಿಗಳ ಕ್ರಮದಂತೆ ಟಿಎಚ್, ಮಂಗಳೂರಿನ ಡಿಗ್ರಿಯಲ್ಲಿ ಬರೀ ಟಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಒಂದು ಎಚ್ ಸರಿ ಮಾಡಲು ಏಳು ತಿಂಗಳು. ಅಫಿಡವಿಟ್ ಮೂರು, ವಿದ್ಯಾನಗರದ ಕಲೆಕ್ಟರೇಟಿಗೆ ಹನ್ನೊಂದು ಸಲ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ನಮ್ಮನ್ನು ಆಚೆ ಹಾಕಿದರು, ನಾವು ಇನ್ನೂ ಅಫಿಡವಿಟ್ ಕೊಡುತ್ತಾ ಇದ್ದೇವೆ.

ನೀರ್ಚಾಲಿನ ಭಾವ:
ಮಾಷ್ಟ್ರೇ, ಎಲ್ಲದಕ್ಕೂ 1956 ಎಳೆದು ತರಬೇಡಿ. ನಾನು ಏಜೆಂಟನಿಗೇ ಕೊಟ್ಟೆ. 7,800 ರೂಪಾಯಿ, ಮನೆ ಬಾಗಿಲಿಗೆ ಬಂತು. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಎರಡು ಸಲ ಬೆಂಗಳೂರಿಗೆ ಹೋದರೆ ಕೆಲಸದವರನ್ನು ನೋಡಿಕೊಳ್ಳುವುದು ಯಾರು?

ಮುಳ್ಳೇರಿಯದವ:
ಆ ಏಜೆಂಟ್ ನಿನ್ನ ಹೆಂಡತಿಯ ತಮ್ಮ ಅಲ್ವಾ?

ನೀರ್ಚಾಲಿನ ಭಾವ:
ತಮ್ಮ ಅಲ್ಲ, ತಮ್ಮನ ದೋಸ್ತಿ. ಆದರೆ ಎಂತ ಈಗ?

ಪೆರ್ಲದ ಮಾಷ್ಟ್ರು:
ನೀರ್ಚಾಲಿನವರೇ, ನನ್ನ ಮಕ್ಕಳಿಬ್ಬರೂ ಕನ್ನಡ ಮೀಡಿಯಂ. ನಿಮ್ಮವರು?

ನೀರ್ಚಾಲಿನ ಭಾವ:
ಇಂಗ್ಲಿಷ್. ಹಾಗಾಗಿಯೇ ನಮಗೆ ಎಚ್‌ನ ಉಪದ್ರ ಬಂದಿಲ್ಲ.

ಬದಿಯಡ್ಕದ ತಂಗಿ:
ಎಲ್ಲರಿಗೂ ಧನ್ಯವಾದ. ನನ್ನದು ಡಿಗ್ರಿ ಅಲ್ಲ, ಮದುವೆ ಸರ್ಟಿಫಿಕೇಟ್ ಮಾತ್ರ. ಬೆಂಗಳೂರಿಗೇ ಹೋಗಬೇಕು ಅಂತಾಯಿತಾ?

ಉಪ್ಪಳ–ಶಾರ್ಜಾ:
ಹೌದು ತಂಗಿ. ಕಾಗದ ಯಾವ ರಾಜ್ಯ ಕೊಟ್ಟದ್ದೋ ಸಹಿಯೂ ಆ ರಾಜ್ಯದ್ದೇ. ಪುತ್ತೂರಿನದ್ದಾದರೆ ಕರ್ನಾಟಕ. ನಿಮ್ಮ ಆಧಾರ್ ಕೇರಳದ್ದಾದರೆ ಏನೂ ತೊಂದರೆ ಇಲ್ಲ. ಅದರ ನಂತರ ವಿದೇಶಾಂಗ ಸಚಿವಾಲಯ. ಅಲ್ಲಿಗೆ 2012ರಿಂದ ನಾವು ನೇರ ಕೊಡುವ ಹಾಗಿಲ್ಲ, ಅವರೇ ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು.

ನೀರ್ಚಾಲಿನ ಭಾವ:
ಕೇಳಿತಾ ಮುಳ್ಳೇರಿಯ? ಏಜೆಂಟ್ ಬೇಕು ಅಂತ ಸರ್ಕಾರವೇ ಹೇಳುತ್ತದೆ.

ಮುಳ್ಳೇರಿಯದವ:
ಅದು ಏಜೆನ್ಸಿ ಮಾರಾಯ, ರಶೀದಿ ಕೊಡುತ್ತದೆ. ನಿನ್ನ ದೋಸ್ತಿ ಕೊಟ್ಟಿದ್ದಾನಾ ರಶೀದಿ?

ಮಂಜೇಶ್ವರದ ಅಕ್ಕ:
ಜಗಳದಲ್ಲಿ ಮುಖ್ಯ ಮಾತನ್ನು ಯಾರೂ ಹೇಳಲಿಲ್ಲ. ಲ್ಯಾಮಿನೇಟ್ ಮಾಡಿಸಬೇಡಿ! ಪ್ಲಾಸ್ಟಿಕ್ಕಿನ ಮೇಲೆ ಸೀಲು ಹಿಡಿಯುವುದಿಲ್ಲ. ನನ್ನ ಡಿಗ್ರಿ ಸರ್ಟಿಫಿಕೇಟನ್ನು ಅಪ್ಪ ಪ್ರೀತಿಯಿಂದ 20 ರೂಪಾಯಿ ಕೊಟ್ಟು ಲ್ಯಾಮಿನೇಟ್ ಮಾಡಿಸಿದ್ದರು. ಇಸ್ತ್ರಿಪೆಟ್ಟಿಗೆ ಇಟ್ಟು ಬಿಡಿಸಲು ಹೋದೆ. ಕುಲಪತಿಗಳ ಸಹಿ ಪ್ಲಾಸ್ಟಿಕ್ಕಿನ ಜೊತೆ ಎದ್ದು ಬಂತು. ಡೂಪ್ಲಿಕೇಟ್ ತೆಗೆಯಲು ಪಟ್ಟ ಪಾಡು ಬರೆದರೆ ರಾತ್ರಿಯಾದೀತು. ಅಪ್ಪನಿಗೆ ನಾನು ಇದನ್ನು ಹೇಳಲೇ ಇಲ್ಲ.

ಬದಿಯಡ್ಕದ ತಂಗಿ:
ಅಯ್ಯೋ ಅಕ್ಕ. ನಮ್ಮ ಅತ್ತೆ ಮೊನ್ನೆಯೇ ಲ್ಯಾಮಿನೇಟ್ ಮಾಡಿಸಿ, ಫ್ರೇಮ್ ಹಾಕಿಸಲು ಕೊಟ್ಟಿದ್ದಾರೆ.

ಮಂಜೇಶ್ವರದ ಅಕ್ಕ:
ಬಿಡಿಸಲು ಹೋಗಬೇಡಿ. ಅದು ಗೋಡೆಯಲ್ಲೇ ಇರಲಿ. ಪುತ್ತೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇನ್ನೊಂದು ಕಾಪಿ ಕೇಳಿ, ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನ ಪಕ್ಕ ಇಟ್ಟು ಅಲ್ಲಿಯೇ ನೋಡಿ.

ಕುಂಬಳೆ–ಮಸ್ಕತ್:
ಒಮಾನಿಗೆ ಆಗಿದ್ದರೆ 50 ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಉಪ್ಪಳ–ಶಾರ್ಜಾ:
ಹಾಗಾದರೆ ಅವರ ಗಂಡನನ್ನೇ ಮಸ್ಕತ್ತಿಗೆ ಕಳಿಸುವುದಾ ಮಾರಾಯರೇ?