ಪೋಂಗ್ ಜಲಾಶಯ: ಜನವರಿಯಲ್ಲಿ ನೀರು ಇಳಿದಾಗ ಹೆಬ್ಬಾತು ಎಲ್ಲಿ ನೋಡಬೇಕು?

ಗದಗ_ಹಕ್ಕಿನೋಟ
ಜನವರಿ ಕೊನೆಗೆ ಹಿಮಾಚಲದ ಪೋಂಗ್ ಹಿನ್ನೀರಿಗೆ ಹೋಗುವ ಯೋಚನೆ ಇದೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ರಾಮ್ಸಾರ್ ಪ್ರದೇಶ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ಗುರುತಿಸಿದ್ದು) ಬರೀ 54 ಹೆಕ್ಟೇರ್, ಏರಿ ಮೇಲೆ ನಿಂತರೆ ಪಟ್ಟೆತಲೆ ಹೆಬ್ಬಾತುಗಳು ಕಣ್ಣಳತೆಯಲ್ಲೇ ಸಿಗುತ್ತವೆ. ಪೋಂಗ್‌ನದು 15,662 ಹೆಕ್ಟೇರ್! ಎಲ್ಲಿ ನಿಲ್ಲುವುದು? ಆ ಹೊತ್ತಿಗೆ ನೀರು ಇಳಿದಿರುತ್ತದಂತೆ, ಹಕ್ಕಿಗಳೂ ಕಡಿಮೆಯೇ? ಎಣಿಸುವ ಕ್ರಮ ಹೇಗೆ?

ಹಿನ್ನೀರು
ನೀರು ಇಳಿಯುವುದರಿಂದಲೇ ಅಲ್ಲಿ ಹೆಬ್ಬಾತು. ನಡುವಿನ ಆಳ ನೀರು ನೀರುಕಾಗೆಗೆ, ಮುಳುಗುವ ಬಾತುಗಳಿಗೆ ಸರಿ. ಹೆಬ್ಬಾತು ಮೇಯುವ ಹಕ್ಕಿ, ಅದಕ್ಕೆ ಬೇಕಾದದ್ದು ಆಗಷ್ಟೇ ಬಯಲಾದ ಒದ್ದೆ ನೆಲದ ಎಳೆಹುಲ್ಲು. ಮಳೆ ಚೆನ್ನಾಗಿದ್ದರೆ ಸೆಪ್ಟೆಂಬರ್‌ನಲ್ಲಿ ಮಟ್ಟ (ಸಮುದ್ರಮಟ್ಟದಿಂದ) 1390 ಅಡಿ ಹತ್ತಿರ ಬರುತ್ತದೆ. ಆಮೇಲೆ ವಿದ್ಯುತ್ತಿಗೆ, ಪಂಜಾಬ್–ರಾಜಸ್ಥಾನದ ಕಾಲುವೆಗಳಿಗೆ ಬಿಡುತ್ತಾ ಬಿಡುತ್ತಾ ಜೂನ್ ತನಕ ಇಳಿಯುತ್ತದೆ. ತಟದ ಇಳಿಜಾರು ನೂರಕ್ಕೆ ಒಂದಿದ್ದರೆ ಮಟ್ಟ ಒಂದಡಿ ಇಳಿದಾಗ ನೂರಡಿ ಅಗಲದ ನೆಲ ಹೊರಬೀಳುತ್ತದೆ. ಕಡಿದಾದ ದಡದಲ್ಲಿ ಈ ಲಾಭವಿಲ್ಲ.

ಹಾಗಾಗಿ ಚಪ್ಪಟೆ ತಟವಿರುವ ನಗ್ರೋಟಾ ಸೂರಿಯಾಂ ಕಡೆ ಹೋಗಿ. ಹಳೆಯ ಫೋಟೊ ನೋಡಿ ಜಾಗ ಗೊತ್ತುಮಾಡಬೇಡಿ, ದಡ ಪ್ರತಿವರ್ಷ ಬೇರೆಡೆ ಇರುತ್ತದೆ. ಹೊರಡುವ ವಾರ ಜಲಾಶಯದ ಮಟ್ಟ ನೋಡಿಕೊಂಡು, ಇತ್ತೀಚಿನ ಉಪಗ್ರಹ ಚಿತ್ರದಲ್ಲಿ ನೀರಿನ ಅಂಚು ಗುರುತಿಸಿ. ಅಂಚಿನ ತನಕ ನಡೆಯಲು ಹೋಗಬೇಡಿ: ಹೂಳಿನ ಮೇಲ್ಪದರ ಒಣಗಿದಂತೆ ಕಂಡರೂ ಕೆಳಗೆ ಕೆಸರೇ.

ಸ್ಕೋಪ್_ಸ್ಟ್ಯಾಂಡ್
ಎಣಿಕೆಗೆ ಬೈನಾಕ್ಯುಲರ್ ಸಾಲದು. ಮುಂದಿನ ಮಸೂರ 65–80 ಮಿ.ಮೀ. ಇರುವ ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ), ಭಾರದ ಟ್ರೈಪಾಡ್ ಇರಲಿ. 25–30 ಪಟ್ಟು ಹಿಗ್ಗಿಸಿದರೆ ಸಾಕು. 60ಕ್ಕೆ ತಿರುಗಿಸಿದರೆ ಬಿಸಿಲೇರಿದ ಮೇಲೆ ನೆಲದ ಕಾವಿಗೆ ಎಲ್ಲ ನಡುಗುತ್ತದೆ. ಮಂಜು ಹರಿದ ಮೇಲೆ, ಆ ನಡುಕ ಶುರುವಾಗುವ ಮೊದಲು ಸಿಗುವ ಒಂದೆರಡು ತಾಸೇ ಕೆಲಸದ ಹೊತ್ತು.

ಮೊದಲು ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಆ ಗುಂಪಿನ ಅಗಲ ಕಣ್ಣಲ್ಲಿ ಹಿಡಿದು ನೂರು ಮಾಡಿ. ಆಮೇಲೆ ಆ ನೂರರ ಅಳತೆಯನ್ನೇ ಎಡದಿಂದ ಬಲಕ್ಕೆ ಸರಿಸಿ. ಗುಂಪಿನ ನಡುವೆ ಹಕ್ಕಿ ದಟ್ಟ, ಅಂಚಲ್ಲಿ ವಿರಳ. ಅಲ್ಲಿಗೂ ಇಲ್ಲಿಗೂ ಒಂದೇ ಅಳತೆ ಹಿಡಿದರೆ ಲೆಕ್ಕ ಕೆಡುತ್ತದೆ. ಇಬ್ಬರು ಬೇರೆಬೇರೆ ಎಣಿಸಿ, ಹತ್ತಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಎಣಿಸಿ. ದೂರದಲ್ಲಿ ನಾಮದ ಕೋಳಿಯ ಕಪ್ಪು ಹಿಂಡನ್ನು ಬಾತು ಎಂದು ಸೇರಿಸಿಬಿಡುವುದು ಮಾಮೂಲು. ಹದ್ದು ಬಂದು ಹಿಂಡು ಎದ್ದರೆ ಆ ಲೆಕ್ಕ ಬಿಟ್ಟುಬಿಡಿ, ಇಲ್ಲವಾದರೆ ಅವೇ ಹಕ್ಕಿಗಳು ಮುಂದಿನ ಕೊಲ್ಲಿಯಲ್ಲೂ ಲೆಕ್ಕಕ್ಕೆ ಸಿಗುತ್ತವೆ.

ಹೆಬ್ಬಾತುಗಳು ಮೇಯುವುದು ಬಿಟ್ಟು ಒಟ್ಟಿಗೆ ಕೊರಳೆತ್ತಿದರೆ ನೀವು ಹತ್ತಿರವಾದಿರಿ ಎಂದರ್ಥ. ಅಲ್ಲೇ ನಿಂತುಬಿಡಿ. ಸಂಶೋಧಕರು ಗುರುತಿಗೆ ಹಾಕಿದ ಕೊರಳಪಟ್ಟಿ ಇದ್ದರೆ ಬಣ್ಣ, ಅಕ್ಷರ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದವು ಕರ್ನಾಟಕದ ಕೆರೆಗಳಲ್ಲೂ ಕಂಡಿವೆ.

ಗದಗ_ಹಕ್ಕಿನೋಟ
ಧನ್ಯವಾದ. ಬಯಲಾದ ನೆಲದಲ್ಲಿ ಗೋಧಿ ಬಿತ್ತುತ್ತಾರಂತಲ್ಲ, ಹೆಬ್ಬಾತಿಗೆ ಅದೂ ಮೇವೇ ಅಲ್ಲವೇ?

ಹಿನ್ನೀರು
ಮೇವು ಹೌದು, ಎಳೆ ಗೋಧಿ ಬಿಡುವುದಿಲ್ಲ. ಆದರೆ ಗೋಧಿಯ ಜತೆ ಟ್ರ್ಯಾಕ್ಟರ್, ಕೀಟನಾಶಕ, ಕಾವಲು ನಾಯಿ, ಕೊಯ್ಲಾದ ಮೇಲೆ ಕೂಳೆಗೆ ಬೆಂಕಿ, ಎಲ್ಲವೂ ಬರುತ್ತವೆ. 1983ರಿಂದ ಅದು ಅಭಯಾರಣ್ಯ, ಬಿತ್ತನೆ ನಿಷಿದ್ಧ. ಆದರೂ ಅದನ್ನು ಬರೀ ಒತ್ತುವರಿ ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 1970ರ ದಶಕದಲ್ಲಿ ಮುಳುಗಿದ್ದು ಕಾಂಗ್ರಾದ ಫಲವತ್ತಾದ ಹೊಲಗಳು, ಬದಲಿ ಜಮೀನು ತೋರಿಸಿದ್ದು ದೂರದ ರಾಜಸ್ಥಾನದಲ್ಲಿ. ಆ ತಕರಾರು ದಶಕಗಟ್ಟಲೆ ನಡೆದಿದೆ.

ಪಶುವೈದ್ಯ_ಬಯಲುಸೀಮೆ
ಒಂದು ಸೇರಿಸುತ್ತೇನೆ. 2020ರ ಡಿಸೆಂಬರ್ ಕೊನೆಯಿಂದ ಅಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತವು, ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ಹಿಂಡುಹಿಂಡಾಗಿ ಮೇಯುವ ಹಕ್ಕಿಗೆ ಹಿಕ್ಕೆ, ನೀರಿನ ಮೂಲಕ ಸೋಂಕು ಬೇಗ ಹಬ್ಬುತ್ತದೆ. ಸತ್ತ ಹಕ್ಕಿ ಕಂಡರೆ ಮುಟ್ಟದೆ, ಜಾಗದ ಜಿಪಿಎಸ್ ಸಮೇತ ಅರಣ್ಯ ಸಿಬ್ಬಂದಿಗೆ ತಿಳಿಸಿ. ಬೂಟಿನ ಕೆಸರನ್ನು ಅಲ್ಲೇ ಉಜ್ಜಿ ತೊಳೆದು, ಸೋಂಕುನಾಶಕ ಹಾಕಿ ಪೂರ್ತಿ ಒಣಗಿಸಿ. ಊರಿಗೆ ಬಂದು ಅದೇ ಬೂಟಿನಲ್ಲಿ ಕೋಳಿ ಫಾರಂಗೋ ಮಾಗಡಿ ಕೆರೆಗೋ ಇಳಿಯಬೇಡಿ.