‘ಡ್ರಕೋನಿಯನ್’ ಎಲ್ಲಿ ಸರಿ, ಎಲ್ಲಿ ತಪ್ಪು?

ಪ್ರಶ್ನೆ: ಇಂಗ್ಲಿಷ್ ಸಂಪಾದಕೀಯಗಳಲ್ಲಿ ‘ಡ್ರಕೋನಿಯನ್ ಲಾ’ ಅಂತ ಪದೇ ಪದೇ ಬರುತ್ತೆ. ‘ಸ್ಟ್ರಿಕ್ಟ್’ಗೂ ಇದಕ್ಕೂ ಏನು ವ್ಯತ್ಯಾಸ? ಕಟ್ಟುನಿಟ್ಟಿನ ಮೇಷ್ಟ್ರಿಗೂ ಹೇಳಬಹುದಾ?

ಉತ್ತರ 1: ಮೇಷ್ಟ್ರಿಗೆ ಬೇಡ, ಅವರು ಹಾಕಿದ ನಿಯಮಕ್ಕೆ ಹೇಳಿ. ಲಾ, ರೂಲ್, ಮೆಷರ್ಸ್, ಪನಿಷ್‌ಮೆಂಟ್ ಇವುಗಳ ಮುಂಚೆ ಸಲೀಸಾಗಿ ಕೂರುತ್ತೆ. ‘ಸ್ಟ್ರಿಕ್ಟ್’ನಲ್ಲಿ ಆಕ್ಷೇಪ ಇಲ್ಲ, ‘ಡ್ರಕೋನಿಯನ್’ನಲ್ಲಿ ‘ಇದು ಅತಿಯಾಯ್ತು’ ಅನ್ನೋ ಆಕ್ಷೇಪ ಇದೆ. ಐದು ನಿಮಿಷ ತಡವಾದರೆ ಆ ದಿನದ ಹಾಜರಿ ಇಲ್ಲ ಅಂದರೆ ಸ್ಟ್ರಿಕ್ಟ್. ಅಷ್ಟಕ್ಕೇ ವಾರ್ಷಿಕ ಪರೀಕ್ಷೆಗೇ ಕೂರಿಸಲ್ಲ ಅಂದರೆ ಡ್ರಕೋನಿಯನ್. ಮೆಚ್ಚಿ ಬರೆಯುವಾಗ ಇದನ್ನು ಹಾಕಿದರೆ ವಾಕ್ಯವೇ ತಿರುಗುಮುರುಗು. ಆಹಾರ ಸುರಕ್ಷತೆಯ ಬಿಗಿ ನಿಯಮಕ್ಕೆ ‘ಸ್ಟ್ರಿಂಜೆಂಟ್’ ಸಾಕು.

ಉತ್ತರ 2: ಮೂಲ ಗೊತ್ತಿದ್ದರೆ ಮರೆಯಲ್ಲ. ಡ್ರೇಕೊ ಅಂತ, ಕ್ರಿ.ಪೂ. 621ರ ಸುಮಾರಿಗೆ ಅಥೆನ್ಸಿಗೆ ಕಾನೂನು ಬರೆದವನು. ಸೊಪ್ಪು, ಹಣ್ಣು ಕದ್ದವನಿಗೂ ಮರಣದಂಡನೆ ಇತ್ತು ಅನ್ನುತ್ತಾನೆ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್. ಕೊಲೆಯ ಕಾನೂನು ಬಿಟ್ಟು ಉಳಿದದ್ದನ್ನು ಆಮೇಲೆ ಅಥೆನ್ಸಿನ ಇನ್ನೊಬ್ಬ ಕಾನೂನುಕಾರ ಸೋಲೊನ್ ಕಿತ್ತುಹಾಕಿದ. ಉಚ್ಚರಿಸುವಾಗ ಒತ್ತು ‘ಕೋ’ ಮೇಲೆ.

ಉತ್ತರ 3: ಕನ್ನಡಕ್ಕೆ ತರುವಾಗ ‘ಕಠಿಣ’ ಸಪ್ಪೆ. ‘ಕರಾಳ ಕಾನೂನು’ ಹತ್ತಿರ. 1919ರ ರೌಲಟ್ ಕಾಯ್ದೆಯನ್ನು ಕರಾಳ ಶಾಸನ ಅಂತಲೇ ಕರೆಯೋದು. ಆದರೆ ಹಾಸ್ಟೆಲ್ ದಂಡಕ್ಕೆ ‘ಕರಾಳ’ ಅಂದರೆ ನಗು ಬರುತ್ತೆ, ಅಲ್ಲಿ ‘ವಿಪರೀತ’ ಹಾಕಿ.