ಬಿಚ್ಚಿದ ಕಾರಿನ ಛಾವಣಿ ಎಲ್ಲಿಡೋದು? (ಪುಣೆ, ಬಾಡಿಗೆ ಮನೆ)

ಕೋಥ್ರೂಡ್ ಧಾರವಾಡದವ:
ನಮ್ಮದು ಜೀಪ್ ರಾಂಗ್ಲರ್. ದೀಪಾವಳಿ ಮುಗಿದ ಮೇಲೆ ಮುಂದಿನ ಸೀಟುಗಳ ಮೇಲಿನ ಛಾವಣಿಯ ಎರಡು ಪ್ಯಾನೆಲ್ ಬಿಚ್ಚಿಬಿಡುತ್ತೇನೆ, ಹೋಳಿವರೆಗೆ ಹಾಗೇ ಓಡಿಸುತ್ತೇನೆ. 2021ರಿಂದ ಈ ಗಾಡಿಯನ್ನು ಇಲ್ಲೇ ಪುಣೆ ಹತ್ತಿರದ ರಾಂಜಣಗಾಂವ್‌ನಲ್ಲಿ ಜೋಡಿಸುತ್ತಾರೆ. ಆದರೆ ಬಿಚ್ಚಿದ ಛಾವಣಿ ಇಡೋ ಜಾಗವನ್ನು ಮಾತ್ರ ಅಮೆರಿಕದ ಗ್ಯಾರೇಜ್ ನೋಡಿಯೇ ಲೆಕ್ಕ ಹಾಕಿರಬೇಕು!

ಡಿಕ್ಕಿಯಲ್ಲಿಟ್ಟರೆ ಸಾಮಾನಿಗೆ ಜಾಗ ಇಲ್ಲ. ಪಾರ್ಕಿಂಗ್ ಗೋಡೆಗೆ ಮೊಳೆ ಹೊಡೆಯಲು ಸೊಸೈಟಿಯವರು ಬಿಡಲ್ಲ. ಹೋದ ವರ್ಷ ಹಾಲ್‌ನಲ್ಲಿ ಪರದೆ ಹಿಂದೆ ನಿಲ್ಲಿಸಿದ್ದೆ. ಕೆಲಸದಾಕೆ ನೆಲ ಒರೆಸುವಾಗ ಜಾರಿ ಬಿತ್ತು, ಟೈಲ್ಸ್ ಮೂಲೆ ಹಾರಿತು. ಅದಕ್ಕಿಂತ ದೊಡ್ಡ ಪೆಟ್ಟು ಜೂನ್‌ನಲ್ಲಿ ಗೊತ್ತಾಯಿತು. ನಾಲ್ಕು ತಿಂಗಳು ಭಾರ ಹೊತ್ತ ಅಂಚಿನ ರಬ್ಬರ್ ಚಪ್ಪಟೆಯಾಗಿತ್ತು. ತಾಮ್ಹಿಣಿ ಘಾಟ್ ಮಳೆಯಲ್ಲಿ ಹೆಂಡತಿಯ ಮಡಿಲಿಗೆ ಟಪ್ ಟಪ್ ಅಂತ ನೀರು. ಅವಳು ಏನೂ ಅನ್ನಲಿಲ್ಲ, ಕರ್ಚೀಫ್ ಹಾಸಿಕೊಂಡಳು. ಅದೇ ಹೆದರಿಕೆ.

ಈ ಸಲ ಅಮ್ಮನ ಕೌದಿ ಹಾಸಿ ಅದರ ಮೇಲಿಟ್ಟಿದ್ದೇನೆ. ಅದಕ್ಕೂ ಜಗಳ ನಡೆದಿದೆ. ಮೊಳೆ ಹೊಡೆಯದೆ ನಿಲ್ಲಿಸುವ ಉಪಾಯ ಇದೆಯಾ?

ಭೋಸರಿ ವೆಲ್ಡಿಂಗ್:
ಗಾಜಿನ ಅಂಗಡಿಗೆ ಹೋಗಿ ನೋಡಿ ಸಾರ್. ಗಾಜು ಒರಗಿಸಿಡುವ ಕಬ್ಬಿಣದ ಸ್ಟ್ಯಾಂಡ್ ಇರುತ್ತಲ್ಲ, ಇಂಗ್ಲಿಷಿನ A ಅಕ್ಷರದ ಹಾಗೆ, ಅದೇ ಬೇಕು. ಒಂದು ಇಂಚಿನ ಚೌಕ ಪೈಪ್ ಸಾಕು. ಎರಡು ಕಡೆ ಒಂದೊಂದು ಪ್ಯಾನೆಲ್, ಸ್ವಲ್ಪವೇ ಓರೆಯಾಗಿ.

ಮುಖ್ಯ ವಿಷಯ ಪ್ಯಾನೆಲ್ ಹೊರುವ ಕೆಳಗಿನ ಕೈಗಳು. ರಬ್ಬರ್ ಇಲ್ಲದ ಗಟ್ಟಿ ಅಂಚು ಯಾವುದು ಅಂತ ಮೊದಲು ಬೆರಳಾಡಿಸಿ ನೋಡಿ, ಅದನ್ನೇ ಕೆಳಗೆ ಮಾಡಿ ಕೂರಿಸಿ. ಮೂಲೆಯ ಮೇಲಂತೂ ನಿಲ್ಲಿಸಬೇಡಿ. ಕೈಗಳಿಗೆ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಹಾಕಿ, ಫ್ರಿಜ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಬೆಲ್ಟ್ ಹಾಕೋದು ಪ್ಯಾನೆಲ್ ಬೀಳದಿರಲು ಮಾತ್ರ, ಬಿಗಿದು ಕಟ್ಟಬೇಡಿ.

ಮಡಗಾಂವ್‌ನಿಂದ:
ಮೇಲಿನವರು ಹೇಳಿದ್ದು ಸರಿ. ನಾನು ಮಾಡಿದ ಎರಡು ತಪ್ಪು ನೀವು ಮಾಡಬೇಡಿ. ಒಂದು, ತೊಳೆದು ಸರಿಯಾಗಿ ಒಣಗಿಸದೆ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ತಿಂಗಳಲ್ಲಿ ಒಳಭಾಗದಲ್ಲಿ ಬೂಷ್ಟು. ಹಳೇ ಹತ್ತಿ ಬೆಡ್‌ಶೀಟೇ ಸಾಕು, ಗಾಳಿಯಾಡುತ್ತೆ. ಇನ್ನೊಂದು, ರಬ್ಬರ್ ಮೆತ್ತಗಿರಲಿ ಅಂತ ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಮಹಾನುಭಾವ ನಾನು. ಆ ರಬ್ಬರ್‌ಗೆ ಅದು ಆಗಿಬರಲ್ಲ, ಉಬ್ಬಿಕೊಂಡಿತು. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ.

ಅಂಧೇರಿ ಒಂದು ಬಿಎಚ್‌ಕೆ:
ಸ್ಟ್ಯಾಂಡ್ ಇಡೋಕೆ ಜಾಗ ಇರೋರು ಪುಣ್ಯವಂತರು. ನನ್ನ ಥಾರ್‌ಗೆ ಗಟ್ಟಿ ಛಾವಣಿಯೇ, ಬಿಚ್ಚೋ ತಲೆನೋವೇ ಇಲ್ಲ. ಸುಮ್ನೆ ಓದುತ್ತಿದ್ದೇನೆ.

ಕೋಥ್ರೂಡ್ ಧಾರವಾಡದವ:
ಆಯ್ತು ಸಾರ್! ಭಾನುವಾರ ಹಳೇ ಸಾಮಾನಿನ ಸಂತೆ ಜುನಾ ಬಜಾರ್‌ನಲ್ಲಿ ಬಟ್ಟೆ ಅಂಗಡಿಯವರ ಹಳೇ ಕಬ್ಬಿಣದ ಹ್ಯಾಂಗರ್ ಸ್ಟ್ಯಾಂಡ್ ಸಿಕ್ಕಿತು. ಚಕ್ರ ಇದೆ, ಬ್ರೇಕ್ ಇಲ್ಲ. ಪಕ್ಕದ ಗಲ್ಲಿಯ ವೆಲ್ಡರ್ ಕಾಲು ಅಗಲಿಸಿ, ನಾಲ್ಕು ಕೈ ಕೂರಿಸಿಕೊಟ್ಟ. ಪೈಪಿನ ತುದಿ ಚೂಪಾಗಿ ಬಿಟ್ಟಿದ್ದ, ಕೊನೆಗೆ ನಾನೇ ಅರ ತಿಕ್ಕಿ ಪ್ಲಾಸ್ಟಿಕ್ ಮುಚ್ಚಳ ತುರುಕಿದೆ. ಚಕ್ರದ ಕೆಳಗೆ ಸದ್ಯಕ್ಕೆ ರೊಟ್ಟಿ ಬಡಿಯೋ ಹಲಗೆಯ ಎರಡು ತುಂಡು ಕೊಟ್ಟಿದ್ದೇನೆ, ಅದು ಇನ್ನೂ ಮನೆಯಲ್ಲಿ ಗೊತ್ತಿಲ್ಲ.

ಕೌದಿ ಒಗೆದು ಹಾಸಿಗೆಗೆ ವಾಪಸ್ ಹೋಯಿತು. ಬ್ರೇಕ್ ಇರೋ ಚಕ್ರ ಬೋಹ್ರಿ ಆಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಯಾಗಿ ಕೊಡ್ತಾರಾ, ಇಲ್ಲ ನಾಲ್ಕೂ ಒಟ್ಟಿಗೇ ತಗೋಬೇಕಾ?